ಉಗುರುಬಣ್ಣ ಹಚ್ಚಿದ ವಿಸಿಆರ್

ಅವರ ಬಲಗೈ ತೋರುಬೆರಳಿನ ತುದಿ ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಆ ಬೆರಳಿಗೆ ಮಲ್ಮಲ್ ಬಟ್ಟೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ದಿನವಿಡೀ ವಿಸಿಆರುಗಳ ಹೊಟ್ಟೆ ಒರೆಸುವುದೇ ಅವರ ಕೆಲಸ. ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಎರಡು ಲಾಡ್ಜುಗಳ ನಡುವೆ ಅಂಗಡಿ. ಎಲ್ಲರೂ ಚಾಚಾ ಎನ್ನುತ್ತಿದ್ದರು. ಯಾರ ಮಾತನ್ನೂ ಒಂದೇ ಏಟಿಗೆ ನಂಬುವ ಜನ ಅಲ್ಲ. "ಮಶೀನ್ ಸುಳ್ಳ ಹೇಳಂಗಿಲ್ರಿ, ತಂದವ್ರು ಹೇಳ್ತಾರ" ಎನ್ನುವುದು ಅವರ ಖಾಯಂ ಮಾತು.

ನಾನೇನು ಕಡಿಮೆಯವಳಲ್ಲ. ತೊಂಬತ್ತರ ದಶಕದ ಕೊನೆಗೆ ಕಮಲಾಪುರದ ನಮ್ಮ ಮನೆಯ ವಿಸಿಆರ್ ಕೈಕೊಟ್ಟಿತು. ಕ್ಯಾಸೆಟ್ ಹಾಕಿದರೆ ಪರದೆ ತುಂಬ ಬಿಳಿ ಚುಕ್ಕೆ. ಆ ವರ್ಷವೇ ಅಪ್ಪ ತೀರಿಕೊಂಡಿದ್ದರು. ಅವರು ನಡೆಯುವುದು, ನಗುವುದು ಉಳಿದದ್ದು ತಂಗಿಯ ಮದುವೆಯ ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನು ನೋಡದೆ ಅವ್ವನಿಗೆ ಊಟ ಸೇರುತ್ತಿರಲಿಲ್ಲ. ರಿಪೇರಿಯವರು ಒಳಗಿನ ಒಳ್ಳೆಯ ಮಾಲು ತೆಗೆದು ಹಳೆಯದು ತುರುಕುತ್ತಾರೆಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಿದ್ದರು. ಅದಕ್ಕೇ ಮುಚ್ಚಳ ಬಿಚ್ಚಿ, ಬಿಡಿಭಾಗಗಳಿಗೆಲ್ಲ ಕೆಂಪು ಉಗುರುಬಣ್ಣದ ಬೊಟ್ಟಿಟ್ಟು ಒಯ್ದಿದ್ದೆ.

ಅಪ್ಪನ ಕ್ಯಾಸೆಟ್ಟಿನ ಕಥೆ ಹೇಳಿ ಮಶೀನು ಮುಂದಿಟ್ಟೆ. ಚಾಚಾ ಒಳಗೆ ಬಗ್ಗಿ ನೋಡಿದರು. "ಮಶೀನಿಗೂ ಮೆಹಂದಿ ಹಚ್ಚೀರೇನ್ರಿ ಅಕ್ಕಾ?"

"ಕಂಪನಿಯವ್ರೇ ಹಚ್ಚ್ಯಾರ" ಎಂದೆ, ಮುಖ ಗಂಟಿಕ್ಕಿಕೊಂಡು.

ಅವರು ನಗಲಿಲ್ಲ. "ಕ್ಯಾಸೆಟ್ ಓದೋ ಹೆಡ್ ಸವದದ. ಇದರ ಮ್ಯಾಲೆ ಇನ್ನ ನಾಕ್ ಸಲ ಹಾಕಿದ್ರ ಕ್ಯಾಸೆಟ್ಟಿನಾಗಿನ ನಿಮ್ಮ ಅಪ್ಪಾರು ಅಳಿಸಿ ಹೋಗ್ತಾರ. ಈ ಮಾಡೆಲ್ಲಿನ ಹೆಡ್ ಈಗ ಎಲ್ಲೂ ಸಿಗಂಗಿಲ್ಲ. ಬ್ಯಾರೆ ಮಶೀನ್ ತಗೋರಿ."

ಕಪಾಟಿನಲ್ಲಿ ಅವರದೇ ನಾಲ್ಕು ಸೆಕೆಂಡ್‌ಹ್ಯಾಂಡ್ ಮಶೀನು ಕೂತಿದ್ದವು. ತನ್ನ ಮಾಲು ಮಾರುವ ಆಟ, ಚಾಚಾ ಸಿಕ್ಕಿಬಿದ್ದ ಎಂದುಕೊಂಡೆ. "ಬ್ಯಾರೆ ಬ್ಯಾಡ. ಇದನ್ನೇ ಸರಿ ಮಾಡ್ರಿ. ಅವ್ವ ಕಾಯಾಕತ್ತಾಳ" ಎಂದು ಬಿಗಿಯಾಗಿ ಹೇಳಿ ಬಂದೆ.

ಎಂಟು ದಿನಕ್ಕೆ ಮಶೀನು ಮನೆಗೆ ಬಂತು. ಅಪ್ಪ ಪರದೆಯಲ್ಲಿ ಸ್ವಚ್ಛವಾಗಿ ನಕ್ಕರು. ಅವ್ವ ಸೆರಗು ಬಾಯಿಗೊತ್ತಿಕೊಂಡು ಕೂತಳು. ನನಗೆ ಮಾತ್ರ ಸಮಾಧಾನವಿಲ್ಲ. ಮುಚ್ಚಳ ಬಿಚ್ಚಿದೆ. ಹೆಡ್ಡಿನ ಮೇಲೆ ನನ್ನ ಬೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಅಂಗಡಿ ಮುಂದೆ ನಿಂತೆ. ಏಳೆಂಟು ಗಿರಾಕಿಗಳಿದ್ದರು. "ನಮ್ಮ ಹೆಡ್ ಕದ್ದು ಯಾರಿಗೆ ಹಾಕೀರಿ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಚಾಚಾ ಡ್ರಾಯರ್ ಎಳೆದು, ಕಾಗದದಲ್ಲಿ ಸುತ್ತಿಟ್ಟಿದ್ದ ಹಳೆಯ ಹೆಡ್ಡನ್ನು ನನ್ನ ಅಂಗೈಗೆ ಹಾಕಿದರು. ಬೊಟ್ಟು ಹಾಗೇ ಇತ್ತು.

ನಾನು ಅಷ್ಟಕ್ಕೇ ಬಿಡಲಿಲ್ಲ. "ಹಂಗಾರ ನಮ್ಮ ಮಶೀನಿನಾಗ ಇರೋದು ಯಾರದು?"

"ನನ್ನ ಮನೀ ಮಶೀನಿಂದು. ಅದೂ ಇದೇ ಮಾಡೆಲ್."

"ಮನೀದು ಬಿಚ್ಚಿ ಯಾರರ ಕೊಡ್ತಾರೇನ್ರಿ?"

ಅವರು ಬೆರಳಿನ ಬಟ್ಟೆ ಬಿಚ್ಚಿದರು. "ನನ್ನ ಹತ್ರ ಇರೋದು ಒಂದೇ ಕ್ಯಾಸೆಟ್ಟು, ಮಗಳ ನಿಕಾಹದ್ದು. ಆಕಿ ಹುಮನಾಬಾದಿನಾಗ ಅದಾಳ. ನೋಡಬೇಕನಿಸಿದ್ರ ಬಸ್ ಹತ್ತತೀನಿ. ನಿಮ್ಮ ಅವ್ವಾರಿಗೆ ಯಾವ ಬಸ್ ಅದರಿ?"

ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ತಪ್ಪಾಯಿತು ಎನ್ನದೆಯೇ, ಹಳೆಯ ಹೆಡ್ಡನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಿಂದ ಹೊರಟೆ. ಆಮೇಲೆ ಎಷ್ಟೋ ಸಲ ಆ ಬೀದಿಯಲ್ಲಿ ಓಡಾಡಿದರೂ ಅಂಗಡಿಯ ಎದುರು ಬದಿಯಿಂದಲೇ ದಾಟಿಹೋದೆ.

ಮೂರು ವರ್ಷದ ಮೇಲೆ ಚಾಚಾ ಹೋದ ಸುದ್ದಿ ಬಂತು. ಎಲ್ಲವನ್ನೂ ಅವ್ವನಿಗೆ ಹೇಳಿದ್ದು ಅವತ್ತೇ. ಆಕೆ, "ನಾ ಬೇಕಾದಷ್ಟು ನೋಡೀನಿ. ಇನ್ನ ಆ ಹುಡುಗಿ ತನ್ನ ಅಪ್ಪನ್ನ ನೋಡಲಿ. ಮಶೀನ್ ಕೊಟ್ಟು ಬಾ" ಎಂದಳು.

ಚಾದರದಲ್ಲಿ ಸುತ್ತಿ ಚಾಚಾನ ಮನೆಗೆ ಒಯ್ದೆ. ತವರಿಗೆ ಬಂದಿದ್ದ ಮಗಳು ಎರಡೂ ಕೈಯಿಂದ ತೆಗೆದುಕೊಂಡು, "ಅಬ್ಬಾಗ ನೀವು ಭಾಳ ಬೇಕಾದವ್ರೇನ್ರಿ?" ಎಂದು ಕೇಳಿದಳು.

ನಾನು ಹೌದೆಂದೆ.