ಮೊದಲ ಹೂವು ಮಣ್ಣಿಗೆ

ರುಕ್ಮಿಣಿ ಸಿಸ್ಟರ್ ಮುಡಿಯಿಂದ ಹೇರ್‌ಪಿನ್ ತೆಗೆದರೆಂದರೆ ಅಂಗಳದಲ್ಲಿ ಏನೋ ಹುಟ್ಟಿದೆ ಎಂದೇ ಅರ್ಥ. ದಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕುಕ್ಕರಗಾಲಲ್ಲಿ ಕೂತು, ಪಿನ್ನಿನ ಬಾಗಿದ ತುದಿಯಿಂದ ಸಾಸಿವೆಯಷ್ಟು ಎಲೆಯನ್ನು ಮೆಲ್ಲಗೆ ಎತ್ತಿ ನೋಡುತ್ತಿದ್ದರು. ಆಗ ಯಾರೂ ಮಾತನಾಡುವಂತಿರಲಿಲ್ಲ. ಮೊದಲ ಮಳೆ ಬಿದ್ದಮೇಲೆ ಗೌರಿ ಹಬ್ಬ ಮುಗಿಯುವವರೆಗೂ ಪೊರಕೆ, ಕುಡುಗೋಲು ಹಿಡಿದವರು ಆ ಅಂಗಳಕ್ಕೆ ಕಾಲಿಡುವಂತಿರಲಿಲ್ಲ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಕಾರ್ಖಾನೆ ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸ್. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆಯ ಸ್ಟೋರ್ಸ್ ಸೇರಿದವನು. ನನ್ನ ಮಕ್ಕಳು ಹುಟ್ಟಿದ್ದೇ ಅವರ ಕೈಯಲ್ಲಿ. ಅವರು ಬೀಜ ಬಿತ್ತಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಗೌರಿಹೂ, ಸಂಜೆಮಲ್ಲಿಗೆ, ಕಾಸ್ಮಾಸ್, ಕೋಳಿಜುಟ್ಟು, ಚೆಂಡುಹೂ ಎಲ್ಲವೂ ತಾವೇ ಉದುರಿ ತಾವೇ ಏಳುತ್ತಿದ್ದವು. ಎದ್ದದ್ದು ಯಾರು ಎಂದು ಗುರುತಿಸುವುದಷ್ಟೇ ಸಿಸ್ಟರ್ ಕೆಲಸ.

"ಎಲ್ಲ ಒಂದೇ ಥರ ಕಾಣ್ತವಲ್ಲ ಸಿಸ್ಟರ್," ಎಂದಿದ್ದೆ ಒಮ್ಮೆ.

"ನಿಂಗೆ ಆಗ ತಾನೆ ಹುಟ್ಟಿದ ಮಕ್ಕಳೂ ಒಂದೇ ಥರ ಕಂಡಿದ್ವು ಮಾರಾಯ. ನಿನ್ನ ಮಗಳನ್ನ ಬಿಟ್ಟು ಪಕ್ಕದ ತೊಟ್ಟಿಲ ಮುಂದೆ ನಿಂತು ನಗ್ತಿದ್ದೆ. ಬಾ ಇಲ್ಲಿ, ಕೂತ್ಕೋ."

ಹಾಗೆ ಕೂರಿಸಿಕೊಂಡು ಕಲಿಸಿದರು. ಸಂಜೆಮಲ್ಲಿಗೆಯ ಮೊದಲ ಎರಡೆಲೆ ದೊಡ್ಡವು, ದಪ್ಪನೆಯವು. ಅದನ್ನು ಕುರುಡರೂ ಹೇಳಬಹುದು. ಕಾಸ್ಮಾಸ್‌ನವು ಸಪೂರ, ತೆರೆದಿಟ್ಟ ಕತ್ತರಿಯ ಹಾಗೆ. ಕೋಳಿಜುಟ್ಟು ಹರಿವೆ ಸೊಪ್ಪಿನ ದಾಯಾದಿ, ಸಾರಿಗೆ ಹಾಕಿಬಿಡುವ ಅಪಾಯವುಂಟು. ಚೆಂಡುಹೂವಿನ ಸಸಿಗೂ ಪಾರ್ಥೇನಿಯಂಗೂ ಗೊಂದಲವಾದರೆ ಎಲೆಯನ್ನು ಚಿವುಟಿ ಮೂಸಬೇಕು. "ಚೆಂಡುಹೂವಿನ ಮಗು ಹುಟ್ಟುತ್ತಲೇ ಚೆಂಡುಹೂವಿನ ವಾಸನೆ. ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ," ಎನ್ನುತ್ತಿದ್ದರು. ಗೌರಿಹೂವಿನ ಕಾಂಡದೊಳಗೆ ನೀರು ನಿಂತಂತೆ ಕಾಣುತ್ತದೆ. ಆ ಕಾಂಡ ಕೆಂಪಾಗಿದ್ದರೆ ಹೂವೂ ಕೆಂಪು, ಹಸಿರಾಗಿದ್ದರೆ ಬಿಳಿ. ತಿಳಿಹಸಿರಿನ ಕಾಂಡದಲ್ಲಿ ಗಿಣ್ಣಿನ ಹತ್ತಿರ ಮಾತ್ರ ಕೆಂಪು ಚುಕ್ಕೆಯಿದ್ದರೆ ಸಿಸ್ಟರ್ ಉಸಿರು ಬಿಗಿಹಿಡಿಯುತ್ತಿದ್ದರು. ಅದು ಅವರ ತಾಯಿಯ ಅಂಗಳದಿಂದ ಬಂದ ಗೌರಿಹೂ. ಬಿಳಿ ಎಸಳಿನ ಮೇಲೆ ಕುಂಕುಮದ ನೀರು ಚಿಮುಕಿಸಿದ ಹಾಗೆ ಇರುತ್ತಿತ್ತು. ಬೇರೆ ಯಾರ ಮನೆಯಲ್ಲೂ ನಾನದನ್ನು ನೋಡಿಲ್ಲ.

ಪ್ರತಿ ಜಾತಿಯ ಮೊದಲ ಒಳ್ಳೆಯ ಹೂವಿಗೆ ಅವರು ಬಿಳಿ ದಾರ ಕಟ್ಟುತ್ತಿದ್ದರು. ದಾರ ಕಟ್ಟಿದ ಹೂವನ್ನು ಯಾರೂ ಕೀಳಬಾರದು. ಹಬ್ಬದ ದಿನ ನನ್ನ ಹೆಂಡತಿ ಅಂಥದ್ದೊಂದಕ್ಕೆ ಕೈಹಾಕಿ ಬೈಸಿಕೊಂಡಳು.

"ದೇವರಿಗೆ ಅಲ್ವಾ ಸಿಸ್ಟರ್?"

"ದೇವರಿಗೆ ಎರಡನೇದು ಸಾಕು. ಮೊದಲನೇದು ಮಣ್ಣಿಗೆ. ಕೊನೇಲಿ ಉಳಿದ ಬಡಕಲು ಹೂವನ್ನ ಬೀಜಕ್ಕೆ ಬಿಟ್ರೆ ಮುಂದಿನ ವರ್ಷ ಬಡಕಲೇ ಹುಟ್ಟೋದು. ನಿಮ್ಮ ದೇವರಿಗೆ ಇದು ಅರ್ಥ ಆಗುತ್ತೆ, ನಿಂಗೇ ಆಗಲ್ಲ."

ನಿವೃತ್ತಿಯಾದ ಮೇಲೂ ಬಹಳ ಕಾಲ ಬಾಡಿಗೆಗೆ ಅದೇ ಕ್ವಾರ್ಟರ್ಸ್‌ನಲ್ಲಿದ್ದು, ಆಮೇಲೆ ಅವರು ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಮಾಡಿದರು. ತಂಗಿಯ ಮಗಳು ಮಂಜುಳಾ ಅವರ ಜೊತೆಗಿರುವುದೆಂದಾಯಿತು. ನಾವೂ ಅದೇ ಬಡಾವಣೆಗೆ ಬಂದೆವು. ಹೊರಡುವ ಮುಂಚೆ, ಬೇಸಿಗೆಯಲ್ಲಿ, ಸಿಸ್ಟರ್ ಅಂಗಳದ ಮೇಲ್ಮಣ್ಣನ್ನು ತೆಳ್ಳಗೆ ಕೆರೆದು ಗೋಣಿಚೀಲಗಳಿಗೆ ತುಂಬಿದರು. ಬೀಜ ಆರಿಸಿಟ್ಟುಕೊಂಡರೆ ಸಾಲದೇ ಎಂದು ಕೇಳಿದೆ.

"ಆರಿಸಿದ್ರೆ ನಂಗೆ ನೆನಪಿರೋದಷ್ಟೇ ಬರುತ್ತೆ ರಾಜಣ್ಣ. ಮಣ್ಣು ತಗೊಂಡು ಹೋದ್ರೆ ಮರೆತಿರೋದೂ ಬರುತ್ತೆ."

ಹಾಲುಕ್ಕಿಸಲೆಂದು ಅವರು ಬಸ್ಸಿನಲ್ಲಿ ಮೊದಲೇ ಹೋದರು. ಸಾಮಾನಿನ ಲಾರಿ ನನ್ನ ಜವಾಬ್ದಾರಿ. ನಾನು ತಪ್ಪು ಮಾಡಿದ್ದು ಇಲ್ಲೇ. ಸೋಗಾನೆಯಲ್ಲಿರುವ ನನ್ನ ಭಾವನ ಮನೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಅದನ್ನು ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನನ್ನ ಮಗಳ ಮನೆಗೆ ಮುಟ್ಟಿಸಬೇಕಿತ್ತು. ಹೇಗೂ ಲಾರಿ ಹೋಗುತ್ತಿದೆಯಲ್ಲ ಎಂದು ಅತ್ತ ತಿರುಗಿಸಿದೆ. ಬೀರುವಿಗೆ ಜಾಗ ಸಾಲಲಿಲ್ಲ. ಚೀಲಗಳನ್ನು ಇಳಿಸಿ, ಮಣ್ಣನ್ನು ಭಾವನ ಬೇಲಿಯುದ್ದಕ್ಕೂ ಸುರಿಸಿದೆ. ಬೀರು ಇಳಿಸಿದ ಮೇಲೆ ವಿನೋಬನಗರದಲ್ಲಿ ಯಾರದೋ ಪಾಯ ತೋಡಿದ ಮಣ್ಣನ್ನು ಅದೇ ಚೀಲಗಳಿಗೆ ತುಂಬಿಸಿ, ಸಿಸ್ಟರ್ ಮನೆಯ ಮುಂದೆ ಇಟ್ಟೆ. ಮಣ್ಣು ಮಣ್ಣೇ ಅಲ್ಲವೇ ಎಂದುಕೊಂಡೆ.

ಮಳೆ ಬಂತು. ಹೇರ್‌ಪಿನ್ ಹೊರಬಂತು. ಸಿಸ್ಟರ್ ದಿನವೂ ಬೆಳಿಗ್ಗೆ ಕೂತು ನೋಡುತ್ತಿದ್ದರು. ಹುಲ್ಲು, ಮುಟ್ಟಿದರೆ ಮುನಿ, ಪಾರ್ಥೇನಿಯಂ. "ಇದು ನಮ್ಮದಲ್ಲ. ಇದೂ ನಮ್ಮದಲ್ಲ," ಎನ್ನುವರು. ಕಳೆ ಮೊಣಕಾಲೆತ್ತರ ಬಂದರೂ ಮಂಜುಳಾಗೆ ಕೀಳಲು ಬಿಡಲಿಲ್ಲ. "ಊರು ಬದಲಾಗಿದ್ದಕ್ಕೆ ಗಾಬರಿಯಾಗಿರ್ತವೆ ಕಣೇ. ಬರ್ತವೆ, ಎಲ್ಲಿಗೆ ಹೋಗ್ತವೆ?" ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ಗೌರಿ ಹಬ್ಬದ ಹಿಂದಿನ ದಿನ ದುರ್ಗಿಗುಡಿಯ ಹೂವಿನ ಅಂಗಡಿಯ ಮುಂದೆ ಸಿಸ್ಟರ್ ಸಿಕ್ಕರು. ನನ್ನನ್ನು ನೋಡಿ ಮುಖ ಹಗುರ ಮಾಡಿಕೊಂಡು, "ಮಾರು ಹೂವು ಅಂದ್ರೆ ಎಷ್ಟು ಬರುತ್ತೆ ರಾಜಣ್ಣ? ನಂಗೆ ಕೊಂಡು ಗೊತ್ತಿಲ್ಲ ನೋಡು," ಎಂದರು.

ನಾನು ಮನೆಗೆ ಹೋಗಲಿಲ್ಲ, ನೇರ ಸೋಗಾನೆಗೆ ಹೋದೆ. ಭಾವನ ಬೇಲಿ ಉದ್ದಕ್ಕೂ ಹೂವಾಗಿತ್ತು. ಕಾಸ್ಮಾಸ್, ಕೋಳಿಜುಟ್ಟು, ಕೆಂಪು ಗೌರಿಹೂ. ಕುಂಕುಮದ ಚುಕ್ಕೆಯದು ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ. ಸಂಜೆ ಬಂದು ಸಿಸ್ಟರ್ ಮುಂದೆ ನಿಂತು ಎಲ್ಲವನ್ನೂ ಹೇಳಿದೆ.

ಅವರು ಕೊಂಡು ತಂದಿದ್ದ ಹೂವಿನ ಪೊಟ್ಟಣವನ್ನು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು:

"ಬೀರು ಚೆನ್ನಾಗಿದ್ಯಾ?"

"ಇದೆ ಸಿಸ್ಟರ್."

"ಬಾಗಿಲು ಸರಿಯಾಗಿ ಕೂರುತ್ತಾ?"

ಗಿಡಗಳನ್ನು ಈಗಲೇ ಬೇರುಸಹಿತ ತರುತ್ತೇನೆಂದೆ.

"ಏನೂ ಬೇಡ. ಕಾಯಿ ಸಿಡೀಲಿ, ಗಿಡ ಒಣಗ್ಲಿ, ಬೇಸಿಗೆ ಬರ್ಲಿ. ಆಮೇಲೆ ಮಣ್ಣು ತಾ. ಆಳು ಹಚ್ಚಬೇಡ, ನೀನೇ ಕೆರಿ. ಬೀಜ ಎಲ್ಲ ಒಂದೇ ವರ್ಷ ಏಳಲ್ಲ, ಕೆಲವು ಮಲಗಿರ್ತವೆ. ನಮ್ಮಮ್ಮನದು ಮಲಗಿದ್ಯೋ ಸತ್ತಿದ್ಯೋ ನೋಡೋಣ."

ಆಮೇಲೆ ಬೇಸಿಗೆಯವರೆಗೆ ನನ್ನೊಂದಿಗೆ ಮಾತನಾಡಲಿಲ್ಲ.

ಬೇಸಿಗೆಯಲ್ಲಿ ನಾನೇ ಹೋಗಿ ಕೆರೆದೆ. ಸೋಗಾನೆಯ ವಿಮಾನ ನಿಲ್ದಾಣಕ್ಕೆ ವಿಮಾನವೊಂದು ತಲೆಯ ಮೇಲೇ ಇಳಿದು ಹೋಯಿತು. ಬೇಲಿಯಾಚೆ ನಿಂತಿದ್ದ ಭಾವ, "ಜನ ಅದನ್ನ ನೋಡೋಕೆ ಬರ್ತಾರೆ, ನೀನು ಮಣ್ಣು ಹೊರೋಕೆ ಬಂದಿದ್ದೀಯ," ಎಂದು ನಕ್ಕ. ಸೊಂಟ ಹಿಡಿದುಕೊಂಡಿತ್ತು. ಆದರೂ ಹಿಂದೆಂದೂ ಅಷ್ಟು ಸಮಾಧಾನದಿಂದ ನಾನು ಕೆಲಸ ಮಾಡಿರಲಿಲ್ಲ.

ಮತ್ತೆ ಮಳೆ ಹಿಡಿಯುವಷ್ಟರಲ್ಲಿ ಸಿಸ್ಟರ್ ಹಾಸಿಗೆ ಹಿಡಿದಿದ್ದರು. ಕಣ್ಣು ಪೂರ್ತಿ ಮಂಜಾಗಿತ್ತು. ನನ್ನನ್ನು ಕರೆಸಿ ಹೇರ್‌ಪಿನ್ ಕೈಗೆ ಕೊಟ್ಟರು. ದಿನವೂ ಅಂಗಳದಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡಿ, ಕಿಟಕಿಯಿಂದ ಕೂಗಿ ಹೇಳುವುದು ನನ್ನ ಪಾಲಿಗೆ ಬಂತು. "ಕಾಸ್ಮಾಸ್." "ಹೂಂ." "ಚೆಂಡುಹೂ." "ಮೂಸಿದ್ಯಾ?" "ಮೂಸಿದೆ." "ಹೂಂ, ಮುಂದೆ."

ಒಂದು ಬೆಳಿಗ್ಗೆ ಮೆಟ್ಟಿಲ ಪಕ್ಕ ಒಂದು ಗೌರಿಹೂವಿನ ಸಸಿ ಕಂಡೆ. ತಿಳಿಹಸಿರು ಕಾಂಡ. ಗಿಣ್ಣಿನ ಹತ್ತಿರ ಕೆಂಪು ಚುಕ್ಕೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಒಳಗೆ ಹೋಗಿ ಮಂಚದ ಪಕ್ಕ ನಿಂತು ಹೇಳಿದೆ.

ಸಿಸ್ಟರ್ ನನ್ನ ಮಣಿಕಟ್ಟು ಹಿಡಿದುಕೊಂಡರು, ನಾಡಿ ನೋಡುವವರ ಹಾಗೆ.

"ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ ತಾನೆ? ನೀನು ಒಂದ್ಸಲ ಚೀಲದ ಮಣ್ಣು ಬದಲಾಯಿಸಿದವನು."

"ಇಲ್ಲ ಸಿಸ್ಟರ್. ಚುಕ್ಕೆ ಇದೆ."

ಮಣಿಕಟ್ಟು ಬಿಡದೆ ಮಂಜುಳಾಳನ್ನು ಕೂಗಿದರು. "ರಾಜಣ್ಣನಿಗೆ ಬಿಳಿ ದಾರ ಕೊಡೇ. ಹೊಲಿಗೆ ಡಬ್ಬೀಲಿದೆ." ಮೊಗ್ಗೂ ಬಂದಿರದ ಗಿಡಕ್ಕೆ ಅವರು ದಾರ ಕೊಡಿಸಿದ್ದು ಅದೊಂದೇ ಸಲ.

ಗಿಡದಲ್ಲಿ ಮೊಗ್ಗು ಕಾಣುವ ಮೊದಲೇ ಸಿಸ್ಟರ್ ಹೋದರು. ವೈಕುಂಠ ಸಮಾರಾಧನೆಯ ಬೆಳಿಗ್ಗೆ ಅದು ಅರಳಿತು, ಬಿಳಿಯ ಮೇಲೆ ಕುಂಕುಮದ ಹನಿ. ಜಗುಲಿಯಲ್ಲಿ ಅವರ ಫೋಟೋ ಇಟ್ಟು ಹಾರ ಹಾಕಿದ್ದರು. ಮಂಜುಳಾ ಕಣ್ಣೊರೆಸಿಕೊಳ್ಳುತ್ತಾ ಆ ಹೂವಿನತ್ತ ಬಗ್ಗಿದಳು.

"ದೊಡ್ಡಮ್ಮನಿಗೆ ಇಡ್ತೀನಿ ರಾಜಣ್ಣ ಮಾವ. ಅವರದೇ ಹೂವಲ್ವಾ?"

ಸಿಸ್ಟರ್ ಕೊಡಿಸಿದಂದಿನಿಂದ ಜೇಬಿನಲ್ಲೇ ಇದ್ದ ದಾರವನ್ನು ತೆಗೆದೆ. ಹೂವಿನ ತೊಟ್ಟಿಗೆ ಸುತ್ತಿ ಗಂಟು ಹಾಕಿದೆ.

"ನಿಮ್ಮ ದೊಡ್ಡಮ್ಮನಿಗೆ ಎರಡನೇದು ಸಾಕಮ್ಮ," ಎಂದೆ.