ಗಣಪನಿಗೆ ಎಂಟು ದಿನ ಎಕ್ಸ್‌ಟೆನ್ಷನ್

ಗೆಳೆಯರೇ, ಗೆದ್ದ ಟೀಮಿನ ಅಭಿಮಾನಿ ಇಷ್ಟೊಂದು ಕಂಗಾಲಾಗಿದ್ದನ್ನು ನಾನು ನೋಡಿದ್ದು ಇವತ್ತೇ.

ಇಲ್ಲಿ ಅಮೆರಿಕದ ಸೌತ್‌ಫೀಲ್ಡ್ ಊರಿನ ಜೋಶಿ ಅಂಕಲ್ ಮನೆಗೆ ಗಣಪತಿ ಬಿಡುವುದಕ್ಕೆಂದು ಹೋಗಿದ್ದೆ. ಹಬ್ಬದ ಮೂರನೆಯ ದಿನ. ಗ್ಯಾರೇಜಿನಲ್ಲಿ ಬಕೆಟ್ಟಿಗೆ ನೀರು ತುಂಬಿಯಾಗಿತ್ತು. ಅಂಕಲ್ ಮಾತ್ರ ಟಿವಿ ಮುಂದಿನಿಂದ ಏಳುತ್ತಿಲ್ಲ. ಅವರು ಓದಿದ ಕಾಲೇಜಿನ ಫುಟ್‌ಬಾಲ್ ಟೀಮು ಸೀಸನ್ನಿನ ಮೊದಲ ಮ್ಯಾಚನ್ನು, ಯಾರೂ ಹೆಸರು ಕೇಳಿರದ ಒಂದು ಟೀಮಿನ ಮೇಲೆ, ಕೊನೆಯ ನಿಮಿಷದಲ್ಲಿ ಹೇಗೋ ಗೆದ್ದಿತ್ತು.

"ಗೆದ್ರಲ್ಲ ಅಂಕಲ್, ಇನ್ನೇನು?" ಎಂದೆ.

"ಇದೂ ಒಂದು ಗೆಲುವೇನಪಾ? ಇವರ ಮುಂದನ ಹಿಂಗಾದ್ರ, ಬರೋ ಶನಿವಾರ ದೊಡ್ಡ ಟೀಮಿನ ಮುಂದ ಏನ್ ಗತಿ?" ಎಂದವರು ಕ್ಷಣ ಯೋಚಿಸಿ, ಅಡುಗೆಮನೆಯತ್ತ ಕೂಗಿದರು: "ಗಣಪ್ಪನ್ನ ಇವತ್ತ ಕಳಸೋದು ಬ್ಯಾಡ. ಹನ್ನೊಂದು ದಿನಾ ಇರ್ಲಿ."

ಆಂಟಿ ಸೌಟು ಹಿಡಿದೇ ಬಂದರು. ಅಂಕಲ್ ಲೇಆಫ್ ಆಗಿ ಏಳು ತಿಂಗಳು. ಬರುವ ಗುರುವಾರ ಒಂದು ಇಂಟರ್‌ವ್ಯೂ ಇದೆ.

"ನಿಮ್ಮ ಇಂಟರ್‌ವ್ಯೂ ಮುಗಿಯೋತನಕ ಇಟ್ಕೊಳ್ಳೋಣು ಅಂದ್ರ ಮೂರ ದಿನಾ ಸಾಕು ಅಂದ್ರಿ. ಈಗ ಈ ಆಟಕ್ಕ ಹನ್ನೊಂದು ದಿನಾನ?"

"ಇಂಟರ್‌ವ್ಯೂಕ್ಕ ನಾ ಹೋಗ್ತೀನಿ. ಆ ಹುಡುಗರಿಗೆ ಯಾರದಾರ?"

ಆಂಟಿ ಒಳಗೆ ಹೋಗಿ, ಅಂಕಲ್ ರೆಸ್ಯೂಮೆ ತಂದು ಗಣಪನ ಮುಂದಿಟ್ಟರು. ಅಂಕಲ್ ಅದರ ಮೇಲೆ ಟೀಮಿನ ಟೋಪಿ ಇಟ್ಟು ಭಕ್ತಿಯಿಂದ ಕೈಮುಗಿದರು.

ಟೋಪಿ ಎತ್ತದೆ ಗಣಪ ರೆಸ್ಯೂಮೆ ಓದುವುದಾದರೂ ಹೇಗೆ ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ಆಂಟಿಯ ಕೈಯಲ್ಲಿ ಸೌಟು ಇನ್ನೂ ಹಾಗೇ ಇತ್ತು.