ಗ್ರೆನೆಡಾದಲ್ಲಿ ಪುಂಡಿಪಲ್ಯ

ಹಡಗು ನಮ್ಮನ್ನು ಬಿಟ್ಟು ಹೋಗಬಹುದಿತ್ತು. ಹಡಗಿನ ಕಚೇರಿಯಲ್ಲಿ ತೆಗೆದಿರಿಸಿದ್ದ ನನ್ನ ಪಾಸ್‌ಪೋರ್ಟು, ಅದರಲ್ಲಿ ಅಂಟಿಸಿದ್ದ ಜರ್ಮನಿಯ ಐದು ವರ್ಷದ ಗ್ರೀನ್ ಕಾರ್ಡು ಪರವಾನಗಿ, ನನ್ನ ಹೆಂಡತಿ, ಮೂರು ವರ್ಷದ ಮಗಳು, ಎಲ್ಲವೂ ಎಲ್ಲರೂ ನನ್ನನ್ನು ದ್ವೀಪವೊಂದರ ದಂಡೆಯಲ್ಲಿ ನಿಲ್ಲಿಸಿ ಸಮುದ್ರ ದಾಟಬಹುದಿತ್ತು. ಪೊಲೀಸರು ನನ್ನ ಜೊತೆಗಿದ್ದ ನೆರೆಮನೆಯ ಡಾಕ್ಟರ್‌ಬಾಯಿಯವರ ಕೈಚೀಲ ಬಿಚ್ಚಿ, ಒಳಗಿದ್ದ ಬಿಳಿ ಪುಡಿಯ ಪೊಟ್ಟಣ ಹೊರತೆಗೆದು, ಅದು ಗದಗಿನ ಗಿರಣಿಯಲ್ಲಿ ಬೀಸಿಸಿದ ಜೋಳದ ಹಿಟ್ಟೆಂದು ಎಷ್ಟು ಭಾಷೆಯಲ್ಲಿ ಹೇಳಿದರೂ ನಂಬದೆ ಇರಬಹುದಿತ್ತು. ಆ ಗುಡ್ಡದ ಮೆಟ್ಟಿಲಲ್ಲಿ ಅರವತ್ತಾರರ ಅವರ ಮೊಣಕಾಲು ಕೈಕೊಡಬಹುದಿತ್ತು. ಅದಕ್ಕೂ ಮೊದಲು ನಲವತ್ತೂ ತುಂಬದ ನನ್ನ ಎದೆ. ಕೆಂಡದ ಒಲೆಯಿಂದ ಯಾರದೋ ಮನೆಗೆ ಬೆಂಕಿ ಹತ್ತಬಹುದಿತ್ತು. ಕೊನೆಗೆ ಕೆಲಸ ಹೋಗಿ, ಗ್ರೀನ್ ಕಾರ್ಡು ರದ್ದಾಗಿ, ನಾನು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಬರಿಗೈಯಲ್ಲಿ ಇಳಿದು, ನಿಮ್ಮ ಮಗಳು ಮೊಮ್ಮಗಳು ಸದ್ಯ ಹಡಗಿನಲ್ಲಿದ್ದಾರೆ ಎಂದು ಮಾವನವರಿಗೆ ವಿವರಿಸಬೇಕಾಗಿ ಬರಬಹುದಿತ್ತು.

ಇದಿಷ್ಟೂ ನಾನು ಒಂದೇ ಮಧ್ಯಾಹ್ನ, ಗೋಡೆಗೆ ಒರಗಿ ನಿಂತು ಯೋಚಿಸಿದ್ದು. ಡಾಕ್ಟರ್‌ಬಾಯಿಯವರು ಅಷ್ಟು ಹೊತ್ತೂ ಸೊಪ್ಪು ಸೋಸುತ್ತ ಕೂತಿದ್ದರು.

ಗಿಡ್ಡನೆಯ ಆಳು. ಬೆಳ್ಳಿಗೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಳ್ಳುತ್ತಿದ್ದರು. ತಾಯಿಯ ಇಳಕಲ್ ಸೀರೆಯನ್ನು ಕತ್ತರಿಸಿ ತಾವೇ ಹೊಲಿದುಕೊಂಡ ಅಂಗಿಗಳನ್ನು ಪ್ಯಾಂಟಿನ ಮೇಲೆ ಹಾಕುತ್ತಿದ್ದರು. ಸೆರಗಿನ ಕೆಂಪು ಪಟ್ಟೆ ಬೆನ್ನಿಗೆ ಬಂದಿರುತ್ತಿತ್ತು. ಮೂವತ್ತು ವರ್ಷ ಸ್ಟುಟ್‌ಗಾರ್ಟಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆಯ ಡಾಕ್ಟರಾಗಿದ್ದವರು. ಮಾತಾಡುವಾಗ ಎದುರಿಗಿದ್ದವರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಳ್ಳುವುದು ಅವರ ಚಾಳಿ. ನನ್ನ ನಾಡಿ ಹಿಡಿದಾಗಲೆಲ್ಲ ನಗುತ್ತಿದ್ದರು. "ನೀ ಕುಂತಾಗ ಸೈತ ಓಡಾಕತ್ತಿರತಿ ನೋಡು, ತಮ್ಮಾ."

ನಾನು ಅವರನ್ನು ಮೊದಲು ಕಂಡದ್ದೇ ಓಡಿಹೋಗುವ ಸಿದ್ಧತೆಯಲ್ಲಿದ್ದಾಗ. ಗ್ರೀನ್ ಕಾರ್ಡಿನ ಮೊದಲ ಚಳಿಗಾಲ, ಸ್ಟುಟ್‌ಗಾರ್ಟಿನ ಅಂಚಿನ ಫೊಯರ್‌ಬಾಕಿನ ಬಾಡಿಗೆ ಮನೆ. ಒಂದು ಭಾನುವಾರ ನಮ್ಮ ಬಾಗಿಲಿಗೆ ಯಾರೋ ಒಂದು ಹಲಗೆ ತೂಗುಹಾಕಿದ್ದರು, ದಪ್ಪ ಅಕ್ಷರದಲ್ಲಿ ಜರ್ಮನ್. ಮನೆ ಖಾಲಿ ಮಾಡಿಸುತ್ತಿದ್ದಾರೆಂದು ನಾನು ಹೆಂಡತಿಯನ್ನು ಎಬ್ಬಿಸಿ ಸೂಟ್‌ಕೇಸು ಇಳಿಸಿದೆ. ಕೆಳಗಿನ ಮಹಡಿಯ ಹೆಂಗಸು ಸದ್ದಿಗೆ ಮೇಲೆ ಬಂದು, ನಾವು ಆಡುವ ಮಾತು ಕೇಳಿ, ಧಾರವಾಡದ ಕನ್ನಡದಲ್ಲೇ ಕೇಳಿದರು:

"ಯಾಕಪಾ, ಎಲ್ಲಿಗಿ ಗಂಟು ಕಟ್ಟೀರಿ?"

"ಮನಿ ಬಿಡಾಕ ಹೇಳ್ಯಾರ್ರಿ."

ಹಲಗೆ ಓದಿದರು. "ಮನಿ ಬಿಡೂದಲ್ಲೋ, ಮೆಟ್ಟಲ ಉಡುಗೂದು. ಈ ವಾರ ಪಾಳಿ ನಿಂದು. ಕಸಬರಿಗಿ ಐತೇನು?"

ಆ ನೆಲದಲ್ಲಿ ಕನ್ನಡ ಕೇಳಿದ್ದಕ್ಕೆ ಬೆಚ್ಚಿದೆನೋ, ಮೆಟ್ಟಿಲು ಗುಡಿಸಲೂ ಪಾಳಿ ಇದೆಯೆಂದು ಬೆಚ್ಚಿದೆನೋ, ಇವತ್ತಿಗೂ ಗೊತ್ತಿಲ್ಲ. ಆಮೇಲಿನ ಮೂರು ವರ್ಷ ನನ್ನ ಎಲ್ಲ ಗಾಬರಿಗೂ ಅವರದೇ ಚಿಕಿತ್ಸೆ. ವಿದೇಶಿಯರ ಕಚೇರಿಯ ಪತ್ರ ಬಂದರೆ ಅದನ್ನು ಒಡೆಯದೆ ಹಿಡಿದುಕೊಂಡು ಕೆಳಗೆ ಓಡುತ್ತಿದ್ದೆ. ಅವರು ಕನ್ನಡಕ ಹಾಕಿಕೊಂಡು ಓದಿ, "ಸಾಯೂದಿಲ್ಲ, ಚಹಾ ಕುಡಿ" ಎನ್ನುತ್ತಿದ್ದರು.

ತಮ್ಮ ವಿಷಯ ಅವರು ಹೇಳಿದ್ದು ಕಡಿಮೆ. ಜರ್ಮನ್ ಒಬ್ಬರನ್ನು ಮದುವೆಯಾದ ಮೇಲೆ ಧಾರವಾಡದ ಮನೆಯವರು, "ಇನ್ನ ಈ ಕಡೆ ಬರಬ್ಯಾಡ" ಎಂದು ಪತ್ರ ಬರೆದರಂತೆ. ಇವರೂ ಹಠದವರು. ತಾಯಿಯ ಸೀರೆಗಳು ಪಾರ್ಸಲ್ಲಿನಲ್ಲಿ ಬಂದಾಗಲೇ ತಾಯಿ ತೀರಿಕೊಂಡದ್ದು ತಿಳಿಯಿತು. ಗಂಡ ಹೋಗಿ ಆರು ವರ್ಷ. ಇಪ್ಪತ್ತೆಂಟು ವರ್ಷದಿಂದ ಆ ಊರಿಗೆ ಕಾಲಿಟ್ಟಿಲ್ಲ, ಇಡುವುದೂ ಇಲ್ಲ. ಆದರೆ ಒಂದು ಆಸೆ ಮಾತ್ರ ಸುಟ್ಟರೂ ಹೋಗುತ್ತಿಲ್ಲ ಎಂದರು. ನಮ್ಮ ಕಡೆಯ ಹುಳಿಸೊಪ್ಪಿನ ಪುಂಡಿಪಲ್ಯ, ಬಿಸಿ ರೊಟ್ಟಿ.

"ಆಸ್ಪತ್ರ್ಯಾಗ ಪೇಷಂಟಿಗೆ ಒಂದು ಕೆಂಪು ಚಹಾ ಕೊಡತಾರ, ಕುಡದೀಯೇನು? ಅದರ ಪುಡಿಕಿ ಒಂದಿನ ಬಿಚ್ಚಿ ನೋಡಿದೆ. ಒಣಾ ಪುಂಡಿಕಾಯಿ. ಮೂವತ್ತು ವರ್ಷ ನನ್ನ ಕಣ್ಣ ಮುಂದ ಕಾಯಿ ಬಂತು, ಸೊಪ್ಪು ಬರಲಿಲ್ಲ."

ಆ ಮೂರನೇ ಚಳಿಗಾಲದಲ್ಲಿ ಅವರು ಪ್ರವಾಸ ಕಂಪನಿಯ ಬಣ್ಣದ ಪುಸ್ತಕವೊಂದನ್ನು ಹಿಡಿದು ಮೇಲೆ ಬಂದರು. ಕೆರಿಬಿಯನ್ ಸಮುದ್ರದಲ್ಲಿ ಹತ್ತು ದಿನ, ಕ್ರಿಸ್‌ಮಸ್ಸಿನ ಹೊತ್ತಿಗೆ. ಒಬ್ಬರೇ ಹೋಗುವುದಿಲ್ಲ, ನೀವು ಮೂವರೂ ಬರಬೇಕೆಂದರು. ಅವರ ಬೆರಳು ನೀಲಿ ಸಮುದ್ರದ ಪುಟಗಳನ್ನೆಲ್ಲ ಹಾರಿಸಿ ಒಂದು ಸಣ್ಣ ಚಿತ್ರದ ಮೇಲೆ ನಿಂತಿತು. ಗ್ರೆನೆಡಾದ ಸಂತೆ. ಬುಟ್ಟಿಗಳಲ್ಲಿ ರಾಶಿ ರಾಶಿ ಕೆಂಪು ಪುಂಡಿಕಾಯಿ. ಡಿಸೆಂಬರಿನಲ್ಲಿ ಅಲ್ಲಿಯವರು ಅದನ್ನು ಕುದಿಸಿ ಹಬ್ಬದ ಶರಬತ್ತು ಮಾಡುತ್ತಾರಂತೆ.

"ಕಾಯಿ ಇದ್ದಲ್ಲಿ ಎಲಿ ಇರಬೇಕಲ್ಲ?" ಎಂದರು. ಅಷ್ಟಕ್ಕಾಗಿ ಅಟ್ಲಾಂಟಿಕ್ ದಾಟುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನು ಲೆಕ್ಕ ಹಾಕುವಷ್ಟರಲ್ಲಿ ನನ್ನ ಹೆಂಡತಿ ಒಪ್ಪಿಬಿಟ್ಟಿದ್ದಳು.

ಹಡಗಿನಲ್ಲಿ ಪ್ರತಿ ನಿಲುಗಡೆಗೂ ಒಂದು ಕಾಗದ ಕೊಡುತ್ತಿದ್ದರು: ಈ ಬೀಚು, ಆ ಬೀಚು, ಕುರ್ಚಿ ಇಲ್ಲಿ, ಛತ್ರಿ ಅಲ್ಲಿ. ಡಾಕ್ಟರ್‌ಬಾಯಿಯವರು ಅದರ ಹಿಂಬದಿಯ ಖಾಲಿ ಜಾಗದಲ್ಲಿ ತಮ್ಮದೇ ಕಾರ್ಯಕ್ರಮ ಬರೆದುಕೊಳ್ಳುತ್ತಿದ್ದರು. "ಮಳಲ ನೋಡಾಕ ಇಷ್ಟು ದೂರ ಬರಬೇಕೇನು? ಮಲಪ್ರಭಾದಾಗ ಬೇಕಾದಷ್ಟಿತ್ತು." ಮೊದಲ ದ್ವೀಪದಲ್ಲಿ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಹೊರರೋಗಿಗಳ ಬೆಂಚಿನ ಮೇಲೆ ಒಂದೂವರೆ ತಾಸು ಕೂರಿಸಿದರು. ಯಾರೂ ಏನೂ ಕೇಳಲಿಲ್ಲ. ಸರದಿ ಬಂದಾಗ ಎದ್ದು ಬಂದೆವು. ಎರಡನೆಯದರಲ್ಲಿ ಹಳೆಯ ಗೋರಿಗಳ ಮೇಲಿನ ವಯಸ್ಸು ಓದಿ, ಎಳೆಗೂಸುಗಳ ಕಲ್ಲು ಬಂದಲ್ಲೆಲ್ಲ ನಿಂತರು. ಮೂರನೆಯದರಲ್ಲಿ ಊರ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು. ನಾನು ಇಡೀ ದಾರಿ ಡ್ರೈವರಿಗೆ ವಾಪಸು ಬರುವ ಮನಸ್ಸಿದೆಯೋ ಇಲ್ಲವೋ ಎಂದೇ ನೋಡುತ್ತಿದ್ದೆ.

ಕೊನೆಯ ನಿಲುಗಡೆ ಗ್ರೆನೆಡಾ. ಮರುದಿನ ಹಡಗು ಹತ್ತಿದ ಬಂದರಿಗೆ ಮರಳಿ ವಿಮಾನ. ಹೆಂಡತಿ ಮಗಳನ್ನು ಎತ್ತಿಕೊಂಡು ಬಂದರಿನ ಪಕ್ಕದ ಬೀಚಿಗೆ ಹೊರಟಳು. "ನೀವು ಬಾಯಾರ ಜೋಡಿ ಹೋಗ್ರಿ," ಎಂದಳು, "ಇಲ್ಲಿದ್ರ ಕೂಸು ನೀರಿಗಿ ಹೋಗತೈತಿ ಅಂತ ನಮಗೂ ಕುಂದರಗೊಡೂದಿಲ್ಲ." ನಾಲ್ಕೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು, ಐದಕ್ಕೆ ಹೊರಡುತ್ತದೆ ಎಂದು ಇಳಿಯುವಾಗ ನಾನು ಮೂರು ಜನ ಸಿಬ್ಬಂದಿಯನ್ನು ಕೇಳಿ ಖಾತ್ರಿ ಮಾಡಿಕೊಂಡೆ.

ಸಂತೆಯಲ್ಲಿ ಒಬ್ಬ ದಪ್ಪನೆಯ ಹೆಂಗಸು ಪುಂಡಿಯ ಟೊಂಗೆಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯಿ ಕಿತ್ತು ಬುಟ್ಟಿಗೆ, ಎಲೆ ಕಿತ್ತು ಹಿಂದಿನ ಗೋಣಿಚೀಲಕ್ಕೆ ಎಸೆಯುತ್ತಿದ್ದಳು. ಡಾಕ್ಟರ್‌ಬಾಯಿಯವರು ನಿಂತಲ್ಲೇ ನಿಂತರು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ಎಲೆ ಎತ್ತಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿತು, ಹುಳಿಗೆ.

"ಆ ಎಲೆ ನನಗೆ ಬೇಕು," ಎಂದರು ಇಂಗ್ಲಿಷಿನಲ್ಲಿ.

"ಅದು ಆಡಿಗೆ ಹಾಕೋದು," ಎಂದಳು ಹೆಂಗಸು.

"ನಾನೂ ಒಂದು ಆಡು ಅಂದುಕೋ."

ಹೆಂಗಸು ನಕ್ಕಳು. ಅಷ್ಟರಲ್ಲಿ ಇವರ ಎರಡು ಬೆರಳು ಅವಳ ಮಣಿಕಟ್ಟಿನ ಮೇಲೆ ಹೋಗಿತ್ತು, ಕಣ್ಣು ಅವಳ ಬಾತ ಪಾದಗಳ ಮೇಲೆ. ಉಪ್ಪು ತಿನ್ನುವುದೆಷ್ಟು, ರಾತ್ರಿ ಉಸಿರಾಡಲು ತಲೆಗೆ ದಿಂಬು ಎಷ್ಟು, ಮಾತ್ರೆ ಏಕೆ ಬಿಟ್ಟೆ ಎಂದು ಇಬ್ಬರೂ ಗುಸುಗುಸು ಮಾತಾಡಿದರು. ಹತ್ತು ನಿಮಿಷದ ನಂತರ ಡಾಕ್ಟರ್‌ಬಾಯಿಯವರು ನನ್ನ ಕಡೆ ತಿರುಗಿದರು.

"ಆಕಿ ತನ್ನ ಒಲಿ ಕೊಡತಾಳಂತ. ನಡಿ, ಚೀಲ ಹೊರು."

"ಬಾಯಾರ, ಗುರ್ತಿಲ್ಲದವರ ಮನಿರೀ."

"ಮೂವತ್ತು ವರ್ಷ ಗುರ್ತಿಲ್ಲದವರು ನನ್ನ ನಂಬಿ ಕಣ್ಣು ಮುಚ್ಚ್ಯಾರ. ಒಮ್ಮೆ ನಾ ಅವರನ್ನ ನಂಬಿದ್ರ ಏನಾತು?"

ಸಂತೆಯ ಹಿಂದಿನ ಗುಡ್ಡಕ್ಕೆ ಕಡಿದಾದ ಮೆಟ್ಟಿಲು. ಅವರು ಪ್ರತಿ ಹತ್ತಕ್ಕೊಮ್ಮೆ ನಿಂತು ಮೊಣಕಾಲು ತಿಕ್ಕಿಕೊಂಡು ಹತ್ತಿದರು. ಮೇಲೆ ತಗಡಿನ ಛಾವಣಿಯ ಮನೆ, ಹಿತ್ತಿಲಲ್ಲಿ ಇದ್ದಿಲಿನ ಒಲೆ. ರೊಟ್ಟಿಗೆ ಏನಾದರೂ ಚಪ್ಪಟೆ ಕಬ್ಬಿಣ ಇದೆಯೇ ಎಂದು ಇವರು ಕೈಯಲ್ಲಿ ಗುಂಡಗೆ ತೋರಿಸಿ ಕೇಳಿದರೆ, ಆ ಹೆಂಗಸು, "ತವಾ ತಾನೇ?" ಎನ್ನುತ್ತ ಗೋಡೆಯಿಂದ ಇಳಿಸಿದಳು. ಅವಳ ಅತ್ತೆ ಟ್ರಿನಿಡಾಡಿನವಳಂತೆ, ಭಾರತದಿಂದ ಹೋಗಿ ಅಲ್ಲಿ ನೆಲೆಸಿದವರ ಪೈಕಿ. ನಾನು ಗೋಡೆಗೆ ಒರಗಿ ನಿಂತೆ. ಆಮೇಲೆ ಬುಟ್ಟಿಯಿಂದ ಹಸಿ ತೊಗರಿಕಾಯಿ ಸುರಿದಳು. ಅಲ್ಲಿ ಕ್ರಿಸ್‌ಮಸ್ಸಿಗೆ ಅದೂ ಬೇಕಂತೆ. ಡಾಕ್ಟರ್‌ಬಾಯಿಯವರು ಒಂದೊಂದೇ ಕಾಯಿ ಸುಲಿಯತೊಡಗಿದರು. ಆಮೇಲೆ ಸೊಪ್ಪು ಸೋಸಲು ಕೂತರು.

ಕೈಚೀಲದಿಂದ ಜೋಳದ ಹಿಟ್ಟು ಹೊರಬಂದದ್ದು ಆಗ. ನನ್ನ ಅವ್ವ ಕಳಿಸಿದ್ದನ್ನು ಅಕ್ಟೋಬರಿನಲ್ಲಿ ನಾನೇ ಅವರಿಗೆ ಕೊಟ್ಟಿದ್ದೆ. ಅದು ನಮ್ಮ ಜೊತೆಗೇ ನಾಲ್ಕು ದ್ವೀಪಗಳ ಸುಂಕದ ಕಟ್ಟೆ ದಾಟಿ ಬಂದಿದೆಯೆಂದು ತಿಳಿದು ನಾನು ಬೆವರಿದೆ. ಹಳೆಯ ಹಿಟ್ಟು, ಜಿಗುಟು ಹೋಗಿತ್ತು. ಎಸರು ಕುದಿಸಿ ಹಾಕಿ ನಾದಿದರು, ಬಿರಿಯಿತು; ಮತ್ತೆ ನಾದಿದರು. ಪಲ್ಯ ಪಕ್ಕದಲ್ಲಿ ಕುದಿಯುತ್ತಿತ್ತು: ಪುಂಡಿ, ತೊಗರಿ, ಒಂದು ಹಿಡಿ ಅಕ್ಕಿನುಚ್ಚು, ಆ ಊರಿನ ಹಸಿಮೆಣಸು, ಜಜ್ಜಿದ ಬೆಳ್ಳುಳ್ಳಿ. ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿ ನೆಕ್ಕಿದರು.

"ಇನ್ನೂ ಕೂಡಿಕೊಂಡಿಲ್ಲ. ಅರ್ಧಾ ತಾಸು ಬೇಕು."

ನಾನು ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷ. ಅಲ್ಲಿಂದ ಮುಂದೆ ನಾನು ಏನೇನು ಅಂದೆನೋ ಸರಿಯಾಗಿ ನೆನಪಿಲ್ಲ. ಪಾಸ್‌ಪೋರ್ಟು ಅಂದೆ, ಕೂಸು ಅಂದೆ, ನಿಮಗೇನು ನಿಮ್ಮದು ಜರ್ಮನ್ ಪಾಸ್‌ಪೋರ್ಟು, ನನ್ನ ಗತಿ ಹೇಳಿ ಅಂದೆ. ದನಿ ಏರಿತ್ತು. ಅವರು ಮೊದಲ ರೊಟ್ಟಿ ಬಡಿದು ತವೆಯ ಮೇಲೆ ಹಾಕಿ ನೀರು ಸವರುತ್ತಿದ್ದರು. ಅಂಗಿಗೆ ಪಿನ್ನು ಹಾಕಿ ತೂಗಿಸಿಕೊಂಡಿದ್ದ ನರ್ಸುಗಳ ಗಡಿಯಾರವನ್ನು ಒಮ್ಮೆ ಎತ್ತಿ ನೋಡಿದರು. ನನ್ನ ಮುಖವನ್ನು ನೋಡಿದರು. ಹತ್ತಿರ ಬಂದು, ಹಿಟ್ಟಿನ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದರು.

"ಆತು, ನಡಿ ಹೋಗೂಣ," ಎಂದರು.

ಆ ಹೆಂಗಸು ಪಲ್ಯ ಡಬ್ಬಿಗೆ ಹಾಕಿ ಕೊಡುತ್ತೇನೆಂದಳು. ಹೊರಗಿನ ಆಹಾರ ಹಡಗಿನೊಳಗೆ ನಿಷಿದ್ಧವೆಂದು ಕಾಗದದಲ್ಲಿ ಬರೆದಿದೆ ಎಂದು ನಾನೇ ಬೇಡವೆಂದೆ. ಡಾಕ್ಟರ್‌ಬಾಯಿಯವರು ಅವಳ ಮಾತ್ರೆಯ ಹೆಸರು ಒಂದು ಚೀಟಿಯಲ್ಲಿ ಬರೆದಿಟ್ಟು, ಕೈ ತೊಳೆದುಕೊಂಡು, ನನ್ನ ಭುಜ ಹಿಡಿದು ಮೆಟ್ಟಿಲಿಳಿದರು. ಇಳಿಯುವುದು ಅವರಿಗೆ ಹತ್ತುವುದಕ್ಕಿಂತ ಕಷ್ಟವಾಗಿತ್ತು.

ಬಂದರಿನ ಗೇಟಿಗೆ ಏದುಸಿರು ಬಿಡುತ್ತ ಮುಟ್ಟಿದಾಗ ಕಾವಲುಗಾರ, ಇಷ್ಟು ಬೇಗ ಬಂದಿರಾ ಎಂದ. ಅವನ ತಲೆಯ ಮೇಲಿನ ಗಡಿಯಾರದಲ್ಲಿ ಮೂರು ಇಪ್ಪತ್ತು. ನನ್ನದರಲ್ಲಿ ನಾಲ್ಕು ಇಪ್ಪತ್ತು.

ನಮ್ಮ ಗದಗಿನ ಮನೆಯಲ್ಲಿ ಗೋಡೆ ಗಡಿಯಾರ ಯಾವತ್ತೂ ಹತ್ತು ನಿಮಿಷ ಮುಂದೆ. ಬಸ್ಸು ತಪ್ಪಬಾರದೆಂದು ಅಪ್ಪ ಹಾಗಿಡುತ್ತಿದ್ದರು. ನಾನು ಹಡಗು ಹತ್ತಿದ ದಿನ, ಹಡಗು ಬಸ್ಸಿಗಿಂತ ದೊಡ್ಡದೆಂದು ಅರ್ಧ ತಾಸು ಮುಂದಿಟ್ಟಿದ್ದೆ. ನಡುವೆ ಎರಡು ದಿನ ಸಮುದ್ರ ಎದ್ದು ವಾಂತಿಯಲ್ಲಿ ಬಿದ್ದುಕೊಂಡಿದ್ದವನು, ಚೇತರಿಸಿಕೊಂಡು ಎದ್ದೊಡನೆ, ಮೊದಲೇ ಇಟ್ಟದ್ದು ಮರೆತು, ಇನ್ನೊಂದು ಅರ್ಧ ತಾಸು ಮುಂದಿಟ್ಟಿದ್ದೆ.

ಅಲ್ಲಿನ ಕಟ್ಟೆಯ ಮೇಲೆ ಕೂತೆ. "ಬಾಯಾರ, ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ್ಯಾಕ ಹೇಳಲಿಲ್ಲರಿ?"

"ಆಪರೇಶನ್ ಟೇಬಲ್ ಮ್ಯಾಲ ಮಲಗಿ ಅಂಜಿದವರಿಗೆ ಇನ್ನಾ ಟೈಮ್ ಐತಿ ಅಂದ್ರ ಕೇಳಿಸೂದಿಲ್ಲ, ತಮ್ಮಾ. ಮೊದಲ ಅಂಜಿಕಿ ಇಳೀಬೇಕು. ನಿಂದು ಹಡಗ ಕಂಡ್ರನ ಇಳಿಯೂದಿತ್ತು."

"ವಾಪಸ್ ಹೋಗೂಣ್ರಿ. ಇನ್ನೂ ಒಂದ ತಾಸು ಐತಿ."

ಅವರು ಗುಡ್ಡದ ಕಡೆ ನೋಡಿದರು, ಮೊಣಕಾಲು ನೋಡಿಕೊಂಡರು. "ಆಗೂದಿಲ್ಲ. ನಡಿ, ನಿನ್ನ ಹೇಂತಿ ಎಲ್ಲಿ ಕುಂತಾಳ ನೋಡೂಣ." ಹಾಗೆ, ನಾಲ್ಕು ದ್ವೀಪಗಳಲ್ಲಿ ಬೀಚಿಗೆ ಕಾಲಿಡದಿದ್ದವರು, ಕೊನೆಯ ಒಂದು ತಾಸು ಮರಳಿನಲ್ಲಿ ಕಾಲು ಚಾಚಿ ಕೂತು ನನ್ನ ಮಗಳಿಗೆ ಗುಬ್ಬಿಗೂಡು ಕಟ್ಟಿಕೊಟ್ಟರು. ನನ್ನ ಹೆಂಡತಿ ವಿಷಯ ಕೇಳಿ ಆ ಸಂಜೆ ನನ್ನೊಡನೆ ಮಾತಾಡಲಿಲ್ಲ.

ಮುಂದಿನ ಬೇಸಿಗೆ ಊರಿಗೆ ಹೋದಾಗ ಪುಂಡಿ ಬೀಜ ತಂದುಕೊಟ್ಟೆ. ಬಾಲ್ಕನಿಯ ಕುಂಡದಲ್ಲಿ ಹಾಕಿದರು. ಸಸಿಗಳು ನಾಲ್ಕು ಬೆರಳೆತ್ತರ ಎದ್ದು, ಬಿಸಿಲು ಸಾಲದೆ ಬಿಳಿಚಿಕೊಂಡು ಬಾಗಿದವು. ನಾನು ಪೆಚ್ಚಾಗಿ ನಿಂತರೆ, "ಇದು ಪುಂಡಿ ತಪ್ಪಲ್ಲ, ನಿನ್ನ ತಪ್ಪೂ ಅಲ್ಲ," ಎಂದು ಅವರೇ ಸಮಾಧಾನ ಹೇಳಿದರು.

ಅದರ ಮರುವರ್ಷ, ಮಾರ್ಚಿನ ಒಂದು ಶನಿವಾರ, ಒಂದು ಗಂಟೆಗೆ ನಮ್ಮಲ್ಲಿ ಊಟಕ್ಕೆ ಬರುತ್ತೇನೆಂದಿದ್ದರು. ಒಂದು ಐದಾದಾಗ ಹೆಂಡತಿಗೆ, ಡಾಕ್ಟರ್‌ಬಾಯಿಯವರೂ ತಡ ಮಾಡಿದರು ನೋಡು ಎಂದು ನಕ್ಕೆ. ಒಂದು ಹದಿನೈದಕ್ಕೆ ಕೆಳಗಿಳಿದು ಬಾಗಿಲು ಬಡಿದೆ, ಆಮೇಲೆ ನಮ್ಮಲ್ಲಿದ್ದ ಅವರ ಇನ್ನೊಂದು ಕೀಲಿಯಿಂದ ತೆರೆದೆ. ಕುರ್ಚಿಯಲ್ಲಿ ಕೂತಿದ್ದರು, ಒಂದು ಕಾಲಿಗೆ ಬೂಟು ಹಾಕಿಕೊಂಡು. ಜೀವಮಾನವಿಡೀ ಆಗದ್ದನ್ನೆಲ್ಲ ಊಹಿಸಿ ಹೆದರಿದವನಿಗೆ ಇದೊಂದು ಊಹೆ ಬಂದಿರಲಿಲ್ಲ. ಹತ್ತಿರ ಹೋಗಿ ಅವರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟೆ; ತಣ್ಣಗಿತ್ತು. ಧಾರವಾಡಕ್ಕೆ ನಾನೇ ಪತ್ರ ಬರೆದೆ. ಉತ್ತರ ಬರಲಿಲ್ಲ.

ಹತ್ತು ದಿನದ ಆ ಪ್ರವಾಸದಲ್ಲಿ ಕೆಟ್ಟದ್ದು ಏನೂ ಆಗಲಿಲ್ಲ ಎಂದೇ ನಾನು ಎಲ್ಲರಿಗೂ ಹೇಳುವುದು. ಹೆಚ್ಚುಕಡಿಮೆ ನಿಜವೇ. ಒಂದು ರೊಟ್ಟಿ ಮಾತ್ರ, ಗುಡ್ಡದ ಮೇಲಿನ ಆ ಹಿತ್ತಿಲಲ್ಲಿ, ಒಂದೇ ಮಗ್ಗುಲು ಬೆಂದಿತ್ತು. ಹೊರಳಿಸಲು ನಾನು ಬಿಡಲಿಲ್ಲ.